ಮೈಲಪ್ಪನ ಓರೆ ಕೀಲು

ಬೀರುವಿನ ಬೀಗ ಒಡೆದಿರಲಿಲ್ಲ. ಒಳಗಿದ್ದ ನೋಟ್‌ಬುಕ್ ಮಾತ್ರ ಮಾಯವಾಗಿತ್ತು.

೧೯೬೪ರ ಒಂದು ಶನಿವಾರ ಬೆಳಿಗ್ಗೆ. ದಾವಣಗೆರೆಯ ಇಂಜಿನಿಯರುಗಳ ಸಂಘದ ಕಚೇರಿ. ಕಾಲೇಜು ಉಪನ್ಯಾಸಕ ಖಾಜಾ ಹುಸೇನ್ ಖಾಲಿ ಬೀರುವನ್ನೇ ನೋಡುತ್ತ ನಿಂತಿದ್ದರು. ಕಾಲು ಕಳೆದುಕೊಂಡವರೂ ನೆಲದ ಮೇಲೆ ಕೂತು ಏಳುವಂಥ ಕೃತಕ ಮಂಡಿಯನ್ನು ಅವರು ನಾಲ್ಕು ವರ್ಷದಿಂದ ರೂಪಿಸುತ್ತಿದ್ದರು. ನಕ್ಷೆಗಳೆಲ್ಲ ಆ ನೋಟ್‌ಬುಕ್ಕಿನಲ್ಲಿದ್ದವು. ಸಂಘದ ಕಾರ್ಯದರ್ಶಿಯೂ ಅವರೇ. ಸಂಜೆ ಸಂಘದ ಕಾಗದಪತ್ರ ಮುಗಿಸಿ, ಅದೇ ಮೇಜಿನ ಮೇಲೆ ಸಂಶೋಧನೆಗೆ ಕೂರುತ್ತಿದ್ದರು. ಮರುದಿನ ಹರಿಹರದ ವಾರ್ಷಿಕ ಸಭೆಯಲ್ಲಿ ಆ ಮಂಡಿಯ ಬಗ್ಗೆ ಪ್ರಬಂಧ ಓದುವವರಿದ್ದರು.

ಸಬ್ ಇನ್ಸ್‌ಪೆಕ್ಟರ್ ಮುರುಗೇಶಪ್ಪ ಬರುವಷ್ಟರಲ್ಲೇ ಸಂಘದ ಅಧ್ಯಕ್ಷ ಕೊಟ್ಟೂರಪ್ಪ ಕಾವಲುಗಾರ ಅಲ್ಲಾಬಕ್ಷ್‌ನನ್ನು ಠಾಣೆಗೆ ಕಳಿಸಿಯಾಗಿತ್ತು. ಅಲ್ಲಿ ಪೇದೆ ಎರಡೇಟನ್ನೂ ಹಾಕಿದ್ದ.

"ಬೀರುವಿನ ಬೀಗದಕೈ ಯಾರತ್ರ ಐತೆ?" ಮುರುಗೇಶಪ್ಪ ಕೇಳಿದರು.

"ನನ್ನತ್ರ ಒಂದು, ಅಧ್ಯಕ್ಷರತ್ರ ಒಂದು," ಎಂದರು ಖಾಜಾ ಹುಸೇನ್. "ಅಲ್ಲಾಬಕ್ಷ್‌ನ ಬಿಡ್ರಿ ಸಾರ್. ಓದೋಕೇ ಬರದೋನು ಅದನ್ನ ತಗೊಂಡು ಏನ್ ಮಾಡ್ತಾನೆ?"

ಕೊಟ್ಟೂರಪ್ಪ ನಡುವೆ ಬಾಯಿ ಹಾಕಿದರು. "ಯಾರೋ ಕಾಲಿಲ್ಲದೋನು ಮೊನ್ನೆ ಇಲ್ಲಿ ಜಗಳ ಮಾಡಿದ್ನಂತೆ. ನಾನಂತೂ ಅವನ ಮುಖ ನೋಡಿಲ್ಲ. ಅವನ್ನ ವಿಚಾರಿಸ್ರಿ."

*

ಜಗಳ ಮಾಡಿದವನು ನಿಟ್ಟುವಳ್ಳಿಯ ಮೈಲಪ್ಪ. ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಎಡಗಾಲು ಕಳೆದುಕೊಂಡಿದ್ದ. ಖಾಜಾ ಹುಸೇನರ ಮಂಡಿಯನ್ನು ತೊಟ್ಟು ಪರೀಕ್ಷಿಸುತ್ತಿದ್ದವನು ಅವನೇ.

"ಜಗಳ ಆಡಿದ್ದು ಖರೇ ರೀ. ಕೀಲು ಬಿಗಿಯಾಗಿ ತೊಡೆ ಸುಲೀತಿತ್ತು. ಆದ್ರೆ ಆ ನೋಟ್‌ಬುಕ್ ಹೋದ್ರೆ ನನ್ನ ಕಾಲು ಇನ್ನೊಂದ್ಸಲ ಹೋದಂಗೆ. ನಾನ್ಯಾಕ ಕದೀಲಿ?"

ಅವನು ಪಂಚೆ ಸರಿಸಿ ತೋರಿಸಿದ. ತೊಡೆಯ ಮೂಳೆ ಒಳಕ್ಕೆ ವಾಲಿಕೊಂಡೇ ಕೂಡಿತ್ತು.

"ಅದಕ್ಕ ಸಾಹೇಬ್ರು ನನ್ನ ಕೀಲು ಓರೆ ಇಟ್ಟಾರೆ. ಬ್ಯಾರೆಯವರಿಗೆ ನೆಟ್ಟಗೆ ಇರ್ತೈತಂತೆ."

*

ಭಾನುವಾರ, ಹರಿಹರ. ಸಭೆಯ ಪುಸ್ತಿಕೆಯನ್ನು ಈ ಸಲ ಅಧ್ಯಕ್ಷರೇ ಅಚ್ಚು ಹಾಕಿಸಿದ್ದರು. ಮುರುಗೇಶಪ್ಪ ಪುಟ ತಿರುವಿದರು. ಕೃತಕ ಮಂಡಿಯ ಹೊಸ ವಿನ್ಯಾಸ: ಕೊಟ್ಟೂರಪ್ಪ. ಖಾಜಾ ಹುಸೇನರ ಹೆಸರೇ ಇರಲಿಲ್ಲ.

"ಹತ್ತು ದಿನದ ಹಿಂದೇ ಪ್ರೆಸ್ಸಿಗೆ ಕೊಟ್ಟೀನಿ," ಕೊಟ್ಟೂರಪ್ಪ ನಕ್ಕರು. "ಕಳವಾಗಿದ್ದು ಮೊನ್ನೆ ರಾತ್ರಿ ಅಲ್ವೇನ್ರಿ?"

ಮುರುಗೇಶಪ್ಪ ಪುಸ್ತಿಕೆಯ ನಕ್ಷೆಯ ಮೇಲೆ ಬೆರಳಿಟ್ಟರು. "ಇದರಾಗೆ ಕೀಲು ಯಾಕ ಓರೆ ಐತೆ?"

"ಎಲ್ಲರಿಗೂ ಹಂಗೇ ಇರಬೇಕು. ಅದೇ ಹೊಸತನ."

"ಎಲ್ಲರಿಗೂ ಅಲ್ಲ. ಒಬ್ಬನಿಗೆ." ಮುರುಗೇಶಪ್ಪ ಜೊತೆಗೆ ಕರೆತಂದಿದ್ದ ಮೈಲಪ್ಪನನ್ನು ಮುಂದಕ್ಕೆ ಕರೆದರು. "ಇವನ ತೊಡೆ ಅಳೆದು ಬರೆದ ನಕ್ಷೆ ಇದು. ಇವನ ಮುಖಾನೇ ನೋಡಿಲ್ಲ ಅಂದ್ರಿ. ನಿಮ್ಮ ಬೀಗದಕೈಲೇ ಬೀರು ತೆಗೆದು ಮೊದಲೇ ನಕಲು ಮಾಡ್ಕೊಂಡ್ರಿ. ಸಭೆಯಲ್ಲಿ ಹುಸೇನ್ ಸಾಹೇಬ್ರು ತಮ್ಮದು ಅಂತ ತೋರಿಸಬಾರದು ಅಂತ ಶುಕ್ರವಾರ ಮೂಲಾನೇ ಎತ್ತಿದ್ರಿ. ಇರೋದು ಎರಡೇ ಬೀಗದಕೈ ಅಂತ, ನೀವು ಇತ್ತ ಬಂದ ಮೇಲೆ ನಿಮ್ಮ ಮನೆ ಶೋಧಿಸಿದ್ವಿ. ಅದು ಅಲ್ಲೇ ಸಿಕ್ಕೈತೆ."

ಕೊಟ್ಟೂರಪ್ಪನ ಮುಖ ಕಪ್ಪಿಟ್ಟಿತು. ದನಿ ಮಾತ್ರ ಇಳಿಯಲಿಲ್ಲ. "ಯಾರ ಹೆಸರಲ್ಲಿ ಬಂದ್ರೇನು? ಕೀರ್ತಿ ಸಂಘದ್ದು. ಕಾರ್ಯದರ್ಶಿ ಅಂದ್ರೆ ಸೇವೆ ಮಾಡೋನು!"

"ಆರು ವರ್ಷ ನಿಮ್ಮ ಕಾಗದ ಬರೆದೆ. ಅದು ಸೇವೆ." ಖಾಜಾ ಹುಸೇನ್ ಎದ್ದು ನಿಂತರು. "ನನ್ನ ತಲೆ ನಿಮಗೆ ಬರಕೊಟ್ಟಿಲ್ಲ!"

ಪೇದೆ ಕೊಟ್ಟೂರಪ್ಪನನ್ನು ಕರೆದೊಯ್ದ. ಹಿರಿಯ ಸದಸ್ಯರೊಬ್ಬರು ಮೆಲ್ಲಗೆ ಹೇಳಿದರು. "ಸಂಘದ ಮರ್ಯಾದೆ ನೋಡ್ರಿ. ಆಗಿದ್ದು ಆಯ್ತು, ನಿಮ್ಮ ಪ್ರಬಂಧ ಓದ್ರಿ."

ಖಾಜಾ ಹುಸೇನ್ ಓದಲಿಲ್ಲ. ಠಾಣೆಯಿಂದ ಬಿಡುಗಡೆಯಾಗಿ ಬಂದು ಬಾಗಿಲ ಬಳಿ ನಿಂತಿದ್ದ ಅಲ್ಲಾಬಕ್ಷ್‌ನನ್ನು ಕರೆತಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಅವನ ಕೆನ್ನೆ ಇನ್ನೂ ಊದಿತ್ತು.

"ನಮ್ಮ ಸಂಘದ ಮಾತು ನಂಬಿ ಇವನಿಗೆ ಹೊಡೆದಾರೆ. ಎಲ್ಲರೂ ಎದ್ದು ನಿಂತು ತಪ್ಪಾಯ್ತು ಅನ್ರಿ. ಆಮೇಲೆ ಓದ್ತೀನಿ."

ಯಾರೂ ಅಲುಗಲಿಲ್ಲ. ಮುರುಗೇಶಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಹೊಡೆದಿದ್ದು ನಮ್ಮ ಠಾಣೆಯಾಗ. ಮೊದಲು ನಂದು. ತಪ್ಪಾಯ್ತಪ್ಪ."

ಆಗ ಒಂದೊಂದೇ ಕುರ್ಚಿ ಸರಿಯತೊಡಗಿತು.