ಹೆಸರು ಹಿಡಿದು ಕರೆಯುವ ಹೊತ್ತು

ಬೆಳಿಗ್ಗೆ ಆರೂ ಹತ್ತು. ವಿಮಾನ ನಿಲ್ದಾಣದ ತುಂಬ ಅವಳ ದನಿ ಕೇಳಿಸಿತು. ಅವಳು ತುಟಿ ಬಿಚ್ಚಿರಲಿಲ್ಲ.

ಕಳೆದುಹೋದ ಸಾಮಾನುಗಳ ಕೊಠಡಿಯಲ್ಲಿ ಕೂತು, ಯಾರೋ ಮರೆತುಹೋದ ಕೊಡೆಗೆ ಚೀಟಿ ಕಟ್ಟುತ್ತಿದ್ದಳು. ನೆತ್ತಿಯ ಮೇಲಿನ ಸ್ಪೀಕರ್‌ನಲ್ಲಿ ಅವಳದೇ ಹಳೆಯ ದನಿ, ತಿಳಿಯಾಗಿ, ನಗುತ್ತಿರುವಂತೆ, ಪ್ರಯಾಣಿಕರನ್ನು ಗೇಟಿಗೆ ಕರೆಯುತ್ತಿತ್ತು.

ಗಂಟಲಿನ ಗಡ್ಡೆ ತೆಗೆಯುವ ಮೊದಲೇ ವೈದ್ಯರು ಎಚ್ಚರಿಸಿದ್ದರು: ದನಿ ಉಳಿಯದಿರಬಹುದು. ನಿಲ್ದಾಣದ ಕರೆಗಳನ್ನೆಲ್ಲ ಹೇಳುವುದೇ ಆಗ ಅವಳ ಕೆಲಸ. ನಿಲ್ದಾಣದವರು ಆಗಲೇ ಅವಳಿಂದ ಊರುಗಳ ಹೆಸರು, ಗೇಟಿನ ಅಂಕಿ, ‘ದಯವಿಟ್ಟು’, ‘ಶುಭ ಪ್ರಯಾಣ’ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿ ಧ್ವನಿಮುದ್ರಿಸಿಕೊಂಡಿದ್ದರು. ಈಗ ಯಂತ್ರ ಅವನ್ನು ಜೋಡಿಸಿ ನುಡಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅವಳಿಗೆ ಉಳಿದದ್ದು ಗಾಳಿ ಬೆರೆತ ಪಿಸುಮಾತು.

ಯಂತ್ರಕ್ಕೆ ಬಾರದ್ದು ಜನರ ಹೆಸರು. ಎಲ್ಲರೂ ವಿಮಾನ ಹತ್ತಿದ ಮೇಲೂ ಬಾರದವರನ್ನು ಹೆಸರು ಹಿಡಿದು ಕೂಗುವ ಕೊನೆಯ ಕರೆಯನ್ನು ಮನುಷ್ಯರೇ ಮಾಡಬೇಕು. ಗೇಟಿನ ಮೇಲಿನ ಕಪ್ಪು ಗಾಜಿನ ಕೋಣೆಯಲ್ಲಿ ಅದಕ್ಕೊಬ್ಬಳು ಹೊಸ ಹುಡುಗಿ ಬಂದಿದ್ದಳು. ಬಾಯಿಗೆ ಬಿಡುವಿಲ್ಲದ ಕಾರಣ ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು.

ಯಾರೋ ಬಿಟ್ಟುಹೋದ ಟೋಪಿಯನ್ನು ಕೊಡಲು ಗಿಣಿ ಈಗ ಕೊಠಡಿಗೆ ಬಂದಳು.

"ಅಕ್ಕಾ, ನಾನೇನು ಅಷ್ಟು ಕೆಟ್ಟದಾಗಿ ಕೂಗ್ತೀನಾ?"

ಅವಳು ಹುಬ್ಬೇರಿಸಿದಳು.

"ಅಲ್ಲಾ, ಒಬ್ರು ಎಸ್ಕಲೇಟರ್ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗಿಂತ ಮೊದಲು ಬಂದು ಗೇಟಿನ ಎದುರೇ ಕೂರ್ತಾರೆ. ಎಲ್ಲರೂ ಹತ್ತಿದ್ರೂ ಏಳಲ್ಲ! ನಾನು ಹೆಸರು ಹಿಡಿದು ಕೂಗಬೇಕು. ಕೂಗಿದ ತಕ್ಷಣ ಬಸ್ಸು ತಪ್ಪಿದವರ ಥರ ಮುಖ ಮಾಡ್ಕೊಂಡು ಹೋಗ್ತಾರೆ. ವಿಮಾನ ಸಿಕ್ಕಿದವರು ಹಾಗೆ ಮಾಡ್ತಾರಾ?"

ಕೊಡೆ ಅವಳ ಕೈಯಿಂದ ಜಾರಿತು.

ಅವನನ್ನು ಅವಳು ಮೊದಲು ಕಂಡದ್ದು ಆ ಗಾಜಿನ ಕೋಣೆಯ ಬಾಗಿಲಲ್ಲೇ. ಮೊಣಕೈವರೆಗೆ ಗ್ರೀಸು, ಕಣ್ಣಲ್ಲಿ ಸಿಟ್ಟು.

"ಮೇಡಂ, ಮೆಟ್ಟಿಲು ಬಿಚ್ಚಿಟ್ಟು ಬೋರ್ಡ್ ಹಾಕಿದ್ದೀನಿ. ಜನ ಬೋರ್ಡನ್ನೇ ದಾಟ್ಕೊಂಡು ಬರ್ತಿದ್ದಾರೆ! ನೀವೊಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

"ಹೀಗೆ ಕಿರುಚಿದ್ರೆ ನಾನೂ ಕೇಳಲ್ಲ."

ಅವನು ನಕ್ಕುಬಿಟ್ಟಿದ್ದ.

ಕೆಲಸಕ್ಕಾಗಿ ಊರೂರು ಸುತ್ತುವವನು. "ನಾಲ್ಕು ಜನರ ಎದುರು ತಬ್ಬಿಕೊಂಡು ಅತ್ರೂ ಯಾಕೆ ಅಂತ ಯಾರೂ ಕೇಳದ ಜಾಗ ಏರ್‌ಪೋರ್ಟ್ ಮಾತ್ರ. ಅದಕ್ಕೇ ನಂಗಿಷ್ಟ," ಎನ್ನುತ್ತಿದ್ದ. ಇಳಿದ ಊರಿನಿಂದ ಫೋನ್ ಮಾಡಿ, ಮೋಡ ಸರಿದಾಗ ನದಿ ಹೇಗೆ ಕಂಡಿತು, ಅಲ್ಲಿಯ ಬೆಳಗು ಯಾವ ಬಣ್ಣ ಎಂದೆಲ್ಲ ಹೇಳುತ್ತಿದ್ದ. ಆ ಊರುಗಳ ಹೆಸರನ್ನು ದಿನವೂ ಹೇಳುವ ಅವಳು ಒಂದನ್ನೂ ನೋಡಿರಲಿಲ್ಲ!

"ನಾನು ಕರ್ಕೊಂಡು ಹೋಗ್ತೀನಿ. ಕಿಟಕಿ ಸೀಟು ನಿಮ್ಗೆ. ನೀವು ಮಾತಾಡ್ತಾ ಇರಿ, ಅಷ್ಟು ಸಾಕು."

ಆ ಮಾತೇ ಆಮೇಲೆ ಅವಳಿಗೆ ಮುಳ್ಳಾಯಿತು. ‘ಅವನು ಮೆಚ್ಚಿದ್ದು ನನ್ನ ದನಿಯನ್ನು... ಅದೇ ಹೋದ ಮೇಲೆ ನಾನ್ಯಾರು?’ ಆಸ್ಪತ್ರೆಯ ಹಾಸಿಗೆಯಿಂದ, ಕಾಯಿಲೆಯ ಸುದ್ದಿಯನ್ನೇ ತಿಳಿಸದೆ, ಅವನಿಗೆ ಸಂದೇಶ ಕಳಿಸಿದಳು: ‘ಇನ್ನು ಫೋನ್ ಮಾಡಬೇಡಿ.’

ಅವನು ಮಾಡಲಿಲ್ಲ. ಬದಲಿಗೆ, ಗೇಟಿನ ಎದುರು ಕೂತು, ತನ್ನ ಹೆಸರನ್ನು ಅವಳು ಕೂಗಲೆಂದು ಕಾಯತೊಡಗಿದ್ದ. ಅದು ಅವಳಿಗೆ ತಿಳಿದದ್ದು ಈಗ.

‘ಉಳಿದ ಕರೆಗಳೆಲ್ಲ ನನ್ನ ದನಿಯಲ್ಲಿ... ಅವನ ಹೆಸರು ಮಾತ್ರ ಬೇರೆಯವಳ ಬಾಯಲ್ಲಿ! ಅವನು ಏನೆಂದುಕೊಂಡನೋ...’

"ಇವತ್ತಿಗೆ ಈ ಕಾಟ ಮುಗೀತು ಬಿಡಿ," ಗಿಣಿ ಗಡಿಯಾರ ನೋಡುತ್ತ ಎದ್ದಳು. "ಅವರಿಗೆ ವರ್ಗ ಆಯ್ತಂತೆ, ಇನ್ನು ಈ ಕಡೆ ಬರಲ್ವಂತೆ. ಕೂಗೋ ಹೊತ್ತಾಯ್ತು, ಬರ್ತೀನಿ."

ಗಿಣಿ ಹೋದಳು. ಈ ದನಿಯಲ್ಲಿ ಅವನೆದುರು ಹೇಗೆ ನಿಲ್ಲುವುದು? ಸುಮ್ಮನಿದ್ದರೆ ಅವನು ಹೋಗುತ್ತಾನೆ... ತನ್ನ ಹೆಸರೇ ಅವಳಿಗೆ ಬೇಡವಾಯಿತೆಂದುಕೊಂಡು ಹೋಗುತ್ತಾನೆ!

ಅವಳು ಓಡಿದಳು.

ಗಾಜಿನ ಕೋಣೆಯಲ್ಲಿ ಗಿಣಿ ಮೈಕಿಗೆ ಕೈ ಚಾಚಿದ್ದಳು. ಅವಳು ಅದನ್ನು ಕಸಿದುಕೊಂಡಳು.

"ಅಕ್ಕಾ! ನಿಮ್ಗೆ ಕೂಗೋಕಾಗಲ್ಲ..."

ಕೆಳಗೆ ಖಾಲಿ ಕುರ್ಚಿಗಳ ನಡುವೆ ಅವನೊಬ್ಬನೇ ಕೂತಿದ್ದ. ಮಡಿಲಲ್ಲಿ ಚೀಲ, ಕಣ್ಣು ಸ್ಪೀಕರಿನ ಮೇಲೆ.

ಅವಳು ಗುಂಡಿ ಒತ್ತಿದಳು. ಮೊದಲು ಬರಿಯ ಉಸಿರು. ಆಮೇಲೆ ಅವನ ಹೆಸರು... ಒಡೆದು, ಅರ್ಧ ಗಾಳಿಯಾಗಿ. ನೆಲ ಒರೆಸುತ್ತಿದ್ದವನು ಸ್ಪೀಕರ್ ಕೆಟ್ಟಿತೆಂದು ತಲೆಯೆತ್ತಿದ.

ಮೆಕ್ಯಾನಿಕ್ ಎದ್ದು ನಿಂತ.

ಅವನೇ ರಿಪೇರಿ ಮಾಡಿದ್ದ ಎಸ್ಕಲೇಟರಿನಲ್ಲಿ ಅವಳು ಇಳಿದು ಬಂದಳು. ಕತ್ತಿನ ಗಾಯದ ಗೆರೆಯನ್ನು ಅವನು ಕಂಡ.

"ನಾನಂತ ಹೇಗೆ ಗೊತ್ತಾಯ್ತು?" ಅವಳು ಪಿಸುಗುಟ್ಟಿದಳು.

"ಉಸಿರಿಂದ. ನಾನು ಮಾತು ಮುಗಿಸ್ಲಿ ಅಂತ ಫೋನಿನಲ್ಲಿ ಕಾಯ್ತಿದ್ರಲ್ಲ... ಅದೇ ಉಸಿರು."

"ಸ್ಪೀಕರ್‌ನಲ್ಲಿ ಬರೋದು ಯಂತ್ರ. ನಾನಲ್ಲ. ನನ್ನ ದನಿ ಹೋಯ್ತು."

ಅವನು ಚೀಲ ಕೆಳಗಿಟ್ಟ. "ನನ್ನ ಹೆಸರು ಬಂದಾಗ ಮಾತ್ರ ಮೈಕ್ ಬೇರೆಯವರಿಗೆ ಕೊಡ್ತೀರಿ ಅಂದ್ಕೊಂಡಿದ್ದೆ..."

"ನೀವು ಇಷ್ಟಪಟ್ಟಿದ್ದು ಆ ದನೀನ..."

"ಆ ದನಿ ಇಲ್ಲಿ ದಿನಾ ಇತ್ತಲ್ಲ! ಅದೇ ಸಾಕಾಗಿದ್ರೆ ನಾನ್ಯಾಕೆ ಕಾಯ್ತಾ ಕೂರ್ತಿದ್ದೆ?"

ಅವಳು ಅವನ ಎದೆಗೊರಗಿ ಅತ್ತಳು. ಯಾಕೆಂದು ಯಾರೂ ಕೇಳಲಿಲ್ಲ.

"ಸಾರ್, ಬಾಗಿಲು ಮುಚ್ತಿದ್ದೀವಿ!" ಗೇಟಿನವರು ಕೂಗಿದರು.

"ಹೋಗಲೇಬೇಕು. ನಾಳೆ ಅಲ್ಲಿ ಕೆಲಸಕ್ಕೆ ಸೇರಬೇಕು... ಫೋನ್ ಮಾಡ್ಲಾ?"

"ನಂಗೆ ಹೆಚ್ಚು ಮಾತಾಡೋಕಾಗಲ್ಲ."

"ನಾನು ಮಾತಾಡ್ತೀನಿ. ನೀವು ಉಸಿರಾಡ್ತಾ ಇರಿ, ಅಷ್ಟು ಸಾಕು."

ವಿಮಾನ ತುಸು ತಡವಾಗಿ ಹೊರಟಿತು. ಮುಂದಿನ ತಿಂಗಳು ಅದೇ ವಿಮಾನದಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಅವಳೂ ಅವನಿರುವ ಊರಿಗೆ ಹೋದಳು. ಹತ್ತಲು ಕರೆದದ್ದು ಅವಳದೇ ಹಳೆಯ ದನಿ.