ಕಿಲುಬು ಹಿಡಿದ ಯವನ ನಾಣ್ಯ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲ. ಕೆಂಗಲ್ಲಕೋಟೆ ಎಂಬ ರಾಜ್ಯ. ಅಲ್ಲಿ ಹೊನ್ನಿಗನೆಂಬ ತರುಣ. ಕಾಲು ಒಂದೆಡೆ ನಿಲ್ಲದವನು. ಊರೂರು ತಿರುಗಿ ಹಳೆಯ ಯವನ ರಾಜರ ಕಂಚಿನ ನಾಣ್ಯ ಕೂಡಿಡುತ್ತಿದ್ದ. ಒಂದು ಮಗ್ಗುಲಲ್ಲಿ ರಾಜನ ಮುಖ, ಇನ್ನೊಂದರಲ್ಲಿ ಆನೆಯೋ ಗೂಬೆಯೋ. ಉಜ್ಜಿದರೆ ಆ ಪ್ರಾಣಿಗಳು ಎದ್ದು ಬರುತ್ತಿದ್ದವು, ಆದರೆ ಒಂದು ನಾಣ್ಯಕ್ಕೆ ಒಂದೇ ಸಲ. ಅದಕ್ಕೇ ಅವನು ಉಜ್ಜುತ್ತಿರಲಿಲ್ಲ.

ಒಂದು ನಾಣ್ಯ ಮಾತ್ರ ಹಸಿರು ಕಿಲುಬಿನಲ್ಲಿ ಮುಳುಗಿತ್ತು. ಅದನ್ನು ಕೊಟ್ಟಿದ್ದ ಕುರಿಗಾಹಿ ಅಜ್ಜ, "ಇದನ್ನ ತೊಳೀಬ್ಯಾಡ ಮಗಾ" ಎಂದಿದ್ದ. ಆದರೆ ಅದರಡಿ ಇರುವ ಮುಖ ಯಾರದು? ಹೊನ್ನಿಗನಿಗೆ ಊಟ ಸೇರದು, ನಿದ್ದೆ ಹತ್ತದು.

ಅಕ್ಕ ಮಾಳವ್ವ ನಕ್ಕಳು. "ಹುಳಿಮಜ್ಜಿಗೆ ಬಿದ್ದ ಕಂಚು ಹಿಂಗೇ ಆಗತೈತಿ. ತಾ ಇಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕತೀನಿ."

ಬೇಡ ಅನ್ನಬೇಕಿತ್ತು. ಹೊನ್ನಿಗ ನಾಣ್ಯ ಕೊಟ್ಟು, ಬಗ್ಗಿ ನೋಡುತ್ತ ನಿಂತ.

ಮೂಗು ಮೂಡಿತು. ಗಡ್ಡ ಮೂಡಿತು. ಕಣ್ಣು ಮೂಡಿದ್ದೇ ತಡ, ನಾಣ್ಯದಿಂದ ಕಂಚಿನ ಮಾಂತ್ರಿಕನೊಬ್ಬ ಧಡಕ್ಕನೆ ಎದ್ದು ನಿಂತ.

"ಯಾವ ದೇಶದ ರಾಜರ್ರೀ ನೀವು?" ಹೊನ್ನಿಗನ ಬಾಯಿ ಸುಮ್ಮನಿರಲಿಲ್ಲ.

"ರಾಜನಲ್ಲವೋ! ರಾಜರನ್ನೇ ನಾಣ್ಯ ಮಾಡಿದವನು!" ಮಾಂತ್ರಿಕ ಮಾಳವ್ವನತ್ತ ಉಸಿರು ಊದಿದ. ಟಣ್! ಮೂಗುತಿ ಸಮೇತ ಅವಳು ನಾಣ್ಯವಾಗಿ ನೆಲಕ್ಕೆ ಬಿದ್ದಳು. "ತಾಕತ್ತಿದ್ದರೆ ಹೊತ್ತು ಮುಳುಗುವುದರೊಳಗೆ ನನ್ನನ್ನು ಕಿಲುಬಿನೊಳಗೆ ಅಟ್ಟು. ಆಗದಿದ್ದರೆ ನಿನ್ನಕ್ಕ ಹೀಗೇ ಬಿದ್ದಿರುತ್ತಾಳೆ."

ಹೊನ್ನಿಗ ಆನೆಯ ನಾಣ್ಯ ಉಜ್ಜಿದ. ಆನೆ ಬಂತು, ಗುದ್ದಿತು, ದಂತ ಬಾಗಿತು. ಗೂಬೆಯ ನಾಣ್ಯ ಉಜ್ಜಿದ. ಗೂಬೆ ಬಂತು, ಕುಕ್ಕಿತು, ಕೊಕ್ಕು ಮುರಿಯಿತು.

ಮಾಂತ್ರಿಕ ಬಿದ್ದು ಬಿದ್ದು ನಕ್ಕ. ನಕ್ಕು ನಕ್ಕು ಗಂಟಲೊಣಗಿತು. "ಕುಡಿಯಲು ಏನಾದರೂ ತಾರೋ, ಸಾವಿರ ವರ್ಷದ ದಾಹ!"

ಹೊನ್ನಿಗನಿಗೆ ಅಕ್ಕನ ಮಾತು ನೆನಪಾಯಿತು. ಅವಳಿಟ್ಟ ಹುಳಿಮಜ್ಜಿಗೆಗೆ ಹಿಡಿ ಉಪ್ಪು ಕಲಕಿ ತಂದ. "ಮನೆಗೆ ಬಂದವರು ಬಾಯಾರಿ ನಿಲ್ಲಬಾರದು. ತಗೋರಿ."

ಮೊದಲ ಚೊಂಬಿಗೆ ಹೊಟ್ಟೆ ಹಸಿರಾಯಿತು. ಎರಡನೆಯದಕ್ಕೆ ತೋಳು. "ಆಹಾ! ಇನ್ನೊಂದು!" ಮೂರನೆಯದಕ್ಕೆ ಗಡ್ಡ, ಮೂಗು, ಕಣ್ಣು. ಮಾಂತ್ರಿಕ ಕುಗ್ಗಿ ಕುಗ್ಗಿ ಕಿಲುಬಿನ ಬಿಲ್ಲೆಯಾಗಿ ಉರುಳಿದ.

ಮಾಳವ್ವ ಎದ್ದು ಮೂಗುತಿ ಮುಟ್ಟಿಕೊಂಡಳು. ಆನೆಯ ದಂತ, ಗೂಬೆಯ ಕೊಕ್ಕು ನೆಟ್ಟಗಾದವು. ಹೊನ್ನಿಗನ ಚೀಲದಿಂದ ಯವನ ರಾಜರೆಲ್ಲ ಮೈಮುರಿಯುತ್ತ ಹೊರಬಂದು ಸಾಲಾಗಿ ಕೂತರು. ಚೀಲದಲ್ಲಿ ಬರೀ ಬೋಳು ಬಿಲ್ಲೆಗಳು ಉಳಿದವು.

"ಇಷ್ಟು ಮಂದಿಗೆ ರೊಟ್ಟಿ ಬಡಿಯೋರು ಯಾರೋ?"

"ನಾನೇ ಬಡೀತೀನಕ್ಕಾ!" ಹೊನ್ನಿಗ ಹಿಟ್ಟಿನ ಕೈಯಲ್ಲೇ ಮೊದಲ ರಾಜನ ಪಕ್ಕ ಕೂತ. "ಹೇಳ್ರೀ, ನಿಮ್ಮ ಆನೆಯ ಹೆಸರೇನು?"

ಕತೆ ಕೇಳಿ ಕೇಳಿ ಅವನು, ರೊಟ್ಟಿ ತಿಂದು ತಿಂದು ರಾಜರು, ಎಲ್ಲರೂ ಸುಖವಾಗಿದ್ದರು. ಆ ಮನೆಯಲ್ಲಿ ಹುಣಸೆಹಣ್ಣು ಇಂದಿಗೂ ಸಾರಿಗೆ ಮಾತ್ರ.