ಹಿಂದೆ ನಿಂತವಳ ಫೋಟೊ

ಕೌಂಟರಿನ ಮೇಲೆ ಕ್ಯಾಮೆರಾ ಇಟ್ಟು ದೇವಿಕಾ ತಲೆ ಎತ್ತಿದಳು. ಎದುರಿಗಿದ್ದವನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಕನಕರಾಜ್!

ಚಿತ್ರದುರ್ಗದಲ್ಲಿ ಕ್ಯಾಮೆರಾ ರಿಪೇರಿಗೆ ಈ ಅಂಗಡಿಗೇ ಹೋಗು ಎಂದು ಯಾರೋ ಹೇಳಿದ್ದರು. ಅಂಗಡಿ ಯಾರದೆಂದು ಹೇಳಿರಲಿಲ್ಲ. ಹೇಳಿದ್ದರೆ ಅವಳು ಹಿರಿಯೂರಿನಲ್ಲಿ ಬಸ್ಸು ಹತ್ತುತ್ತಿದ್ದಳೇ?

"ಬರ್ರಿ... ಕುಂತ್ಕಳ್ರಿ," ಎಂದ ಅವನು, ತಡವರಿಸುತ್ತಾ.

"ಕುಂತ್ಕಳಾಕೆ ಬಂದಿಲ್ಲ. ಕ್ಯಾಮೆರಾ ಕೆಟ್ಟೈತೆ. ಆದ್ರೆ ನೋಡ್ರಿ, ಇಲ್ಲಾಂದ್ರೆ ಹೋಗ್ತೀನಿ."

"ಏನಾಗೈತೆ?"

"ಹಿರಿಯೂರಲ್ಲಿ ಮಕ್ಕಳ ಫೋಟೊ ತೆಗೀತೀನಿ. ಮಗು ಮುಖಕ್ಕೇ ಫೋಕಸ್ ಮಾಡಿದ್ರೂ ಮುಖ ಮಸುಕು ಬರ್ತೈತೆ. ಹಿಂದಿರೋ ದಿಂಬು ಮಾತ್ರ ಚೆನ್ನಾಗಿ ಕಾಣ್ತೈತೆ."

ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದ ಅವನ ಕೈ ನಿಂತಿತು. ಅವಳ ಮುಖವನ್ನೇ ನೋಡಿದ.

'ಈ ಕಣ್ಣುಗಳು ಇನ್ನೂ ಹಾಗೇ ಇವೆ!' ದೇವಿಕಾಳಿಗೆ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ಐದು ವರ್ಷದ ಹಿಂದೆ, ಹಿರೇಗುಂಟನೂರಿನಲ್ಲಿ ಅವಳ ಅಕ್ಕ ಜಯಶೀಲಾಳ ಮದುವೆಗೆ ಫೋಟೊ ತೆಗೆಯಲು ಬಂದವನು ಇದೇ ಕನಕರಾಜ್. ಆಮೇಲೆ ಆಲ್ಬಂ ಬಂತು. ಅರಿಶಿನ, ಧಾರೆ, ಆರತಕ್ಷತೆ... ಯಾವ ಪುಟ ತಿರುವಿದರೂ ಮದುಮಗಳು ಮಸುಕು! ಅವಳ ಹಿಂದೆ ಸೆರಗು ಸರಿಮಾಡುತ್ತಾ, ಹಾರ ಹಿಡಿದು ನಿಂತ ತಂಗಿ ದೇವಿಕಾ ಮಾತ್ರ ರೆಪ್ಪೆ ಎಣಿಸುವಷ್ಟು ಸ್ಪಷ್ಟ.

ಊರಿಗೆ ಇಷ್ಟು ಸಾಕಲ್ಲ! ಫೋಟೊದವನಿಗೂ ತಂಗಿಗೂ ಏನೋ ಇದೆ ಎಂದು ಕಿವಿ ಕಚ್ಚುವುದು ಶುರುವಾಯಿತು. ಎದುರು ಮನೆಯ ಕಾಳಕ್ಕ, ನೋಡಿ ಕೊಡುತ್ತೇನೆಂದು ಒಯ್ದ ಆಲ್ಬಂ ಅನ್ನು ಬೀದಿಗೆಲ್ಲ ತೋರಿಸಿದಳು. ಪುಣ್ಯಾತಗಿತ್ತಿ! ಸುದ್ದಿ ಹೊಸದುರ್ಗಕ್ಕೂ ಮುಟ್ಟಿತು. ಅಲ್ಲಿ ದೇವಿಕಾಳಿಗೆ ನಿಶ್ಚಯವಾಗಿದ್ದ ಗಂಡಿನ ಮನೆಯವರು ಸಂಬಂಧ ಬೇಡವೆಂದುಬಿಟ್ಟರು. ಅಪ್ಪ ಓಬಣ್ಣ ಮಗಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು.

ಆಗ ಕನಕರಾಜನ ಸ್ಟುಡಿಯೋ ಹೊಳಲ್ಕೆರೆಯಲ್ಲಿತ್ತು. ದೇವಿಕಾ ಅಲ್ಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದಳು.

"ಲೆನ್ಸ್ ಕೈಜಾರಿ ಬಿದ್ದಿತ್ತು ಕಣ್ರಿ, ಅದ್ಕೇ ಫೋಕಸ್ ಹಿಂದಕ್ಕೆ ಹೋಗೈತೆ. ಕ್ಯಾಮೆರಾದ ಸಣ್ಣ ಪರದೇಲಿ ಗೊತ್ತಾಗ್ಲಿಲ್ಲ," ಎಂದು ಅವನು ಗೋಗರೆದಿದ್ದ.

ಇಂಥ ಕುಂಟು ನೆಪ ಯಾರು ನಂಬುತ್ತಾರೆ? ಆಮೇಲೆ ಹೆಣ್ಣುಮಕ್ಕಳಿದ್ದ ಮನೆಯವರು ಅವನನ್ನು ಕರೆಯಲಿಲ್ಲ. ಸ್ಟುಡಿಯೋ ಮುಚ್ಚಿತು. ಮುಚ್ಚಲಿ, ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು ಅವಳು.

ಈಗ ಕನಕರಾಜ್ ಲೆನ್ಸ್ ಬಿಚ್ಚಿದ. ಅದರ ಹಿಂಬದಿಯಲ್ಲಿ ಕ್ಯಾಮೆರಾಕ್ಕೆ ತಾಗುವ ಚಿನ್ನದ ಬಣ್ಣದ ಚುಕ್ಕೆಗಳನ್ನು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದ. ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನಂತೆ ಮಾಡಿದ. ಕೈ ಅಲ್ಲಾಡಿರಬಹುದೆಂದು ಕ್ಯಾಮೆರಾವನ್ನು ಸ್ಟ್ಯಾಂಡಿಗೂ ಹಾಕಿ ನೋಡಿದ. ಫೋಟೊ ಹಾಗೇ ಬಂತು.

ಕೊನೆಗೆ ಮೂರು ಬೆಂಕಿಪೊಟ್ಟಣಗಳನ್ನು ಒಂದರ ಹಿಂದೆ ಒಂದು ಓರೆಯಾಗಿ ನಿಲ್ಲಿಸಿದ.

"ನೀವೇ ತೆಗೀರಿ. ನಡುವಿಂದಕ್ಕೆ ಫೋಕಸ್ ಮಾಡ್ರಿ."

ಅವಳು ತೆಗೆದಳು. ಅವನು ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ನಡುವಿನ ಪೊಟ್ಟಣ ಮಸುಕು. ಹಿಂದಿನದರ ಮೇಲಿದ್ದ ಸಣ್ಣ ಅಕ್ಷರವೂ ಓದಲು ಬರುತ್ತಿತ್ತು.

"ನೀವು ಯಾವ್ದನ್ನ ನೋಡಿದ್ರಿ?"

"ನಡುವಿಂದು."

"ಕ್ಯಾಮೆರಾ ಯಾವ್ದನ್ನ ಹಿಡೀತು?"

ದೇವಿಕಾ ಹಿಂದಿನ ಪೊಟ್ಟಣದ ಕಡೆ ಬೆರಳು ತೋರಿಸಿದಳು. ಹಾಗಾದರೆ ಅಂದು ಅವನು ಹೇಳಿದ್ದೆಲ್ಲ ನಿಜ! ಏನೂ ತಪ್ಪು ಮಾಡದವನ ಅನ್ನವನ್ನು ಅವಳು ಬೀದಿಯಲ್ಲಿ ನಿಂತು ಕಿತ್ತುಕೊಂಡಿದ್ದಳು.

ಆದರೆ ಅದಕ್ಕಿಂತ ಬೇರೆಯೇ ಒಂದು ನೋವು ಒಳಗೆ ಚುಚ್ಚಿತು. ಅವಳಿಗೇ ನಾಚಿಕೆಯಾಗುವಂಥ ನೋವು.

'ಅಂದ್ರೆ... ಅವನು ನನ್ನನ್ನು ನೋಡಿರಲೇ ಇಲ್ಲ!'

ಬಾಯಲ್ಲಿ ಅವನಿಗೆ ಹಿಡಿಶಾಪ ಹಾಕಿದ್ದಳು ನಿಜ. ಆದರೆ ಬಂದ ಗಂಡುಗಳೆಲ್ಲ ಮುಖ ತಿರುಗಿಸಿ ಹೋದಾಗ, ನೆಂಟರು ಅವಳನ್ನು ಶುಭಕಾರ್ಯಗಳಿಂದ ದೂರ ಇಟ್ಟಾಗ, ತುಂಬಿದ ಮಂಟಪದಲ್ಲಿ ಒಬ್ಬನಾದರೂ ನನ್ನನ್ನೇ ನೋಡಿದ್ದನಲ್ಲ ಎಂಬುದನ್ನೇ ಅವಳು ಗುಟ್ಟಾಗಿ ನಂಬಿಕೊಂಡು ಬದುಕಿದ್ದಳು. ಅದೂ ಯಂತ್ರದ ತಪ್ಪೇ?

"ಅಳ್ತಿದೀರಾ?"

"ತಪ್ಪಾಯ್ತು... ನಿಮ್ಮ ಬದುಕು ಹಾಳು ಮಾಡ್ಬಿಟ್ಟೆ."

"ತಪ್ಪಾಯ್ತು ಅಂದ್ರೆ ಮುಗೀತಾ?" ಅವನ ದನಿಯಲ್ಲಿ ಕಹಿಯಿತ್ತು. "ನಮ್ಮವ್ವ ಸಾಯಾಗಂಟ ಕೇಳಿದ್ಲು. 'ನಿಜ ಹೇಳೋ, ಆ ಹುಡುಗಿ ಮ್ಯಾಲೆ ಕಣ್ಣು ಹಾಕಿದ್ಯಾ' ಅಂತ."

"ಏನಂದ್ರಿ?"

"ಮೊದಮೊದಲು ಇಲ್ಲ ಅಂದೆ. ಆಮೇಲೆ... ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ."

ದೇವಿಕಾ ತಟ್ಟನೆ ತಲೆ ಎತ್ತಿದಳು. "ಅಂದ್ರೆ?"

"ಮದುವೆ ದಿನ ನಿಮ್ಮನ್ನ ನೋಡೇ ಇರ್ಲಿಲ್ಲ, ದೇವ್ರಾಣೆ. ಸರಿಯಾಗಿ ನೋಡಿದ್ದೇ ನೀವು ಬೈಯಾಕೆ ಬಂದ ದಿನ. ಬೈತಾ ಬೈತಾ ಅಳ್ತಿದ್ರಿ. ಅವತ್ತಿಂದ ಮನಸ್ಸಿಂದ ಹೋಗ್ಲೇ ಇಲ್ಲ."

"ಹೇಳ್ಬೇಕಿತ್ತಲ್ಲ!" ಅವಳು ಕಿರುಚಿದಳು. "ಇಷ್ಟು ವರ್ಷ ನಾನು ಸತ್ತಂಗೆ ಬದುಕಿದೆ... ಒಂದು ಮಾತು ಹೇಳ್ಬೇಕಿತ್ತಲ್ಲ!"

"ಹೆಂಗೆ ಹೇಳ್ಲಿ? ಹೇಳಿದ್ರೆ ಊರವ್ರು ಆಡಿದ ಸುಳ್ಳು ನಿಜ ಆಗ್ತಿತ್ತಲ್ಲ! 'ನೋಡಿದ್ರಾ, ನಾವು ಹೇಳ್ಲಿಲ್ವಾ' ಅಂತಿದ್ರು. ನಿಮ್ಮ ಹೆಸರು ಇನ್ನಷ್ಟು ಕೆಡ್ತಿತ್ತು."

ದೇವಿಕಾಳಿಗೆ ಅಳುವಿನ ನಡುವೆಯೇ ನಗು ಬಂತು, ಕೆಟ್ಟ ನಗು. ಇನ್ನು ಕೆಡಲು ಅವಳ ಹೆಸರಿನಲ್ಲಿ ಏನು ಉಳಿದಿತ್ತು? ಮಸಿ ಬಳಿದ ಊರು ಎಂದೋ ಮರೆತು ಬೇರೆಯವರ ಮನೆಯ ಸುದ್ದಿಗೆ ಹೋಗಿತ್ತು. ಹೆದರಿಕೊಂಡು ಕುಳಿತವರು ಇವರಿಬ್ಬರೇ. ಹೋದ ವರ್ಷಗಳನ್ನು ಯಾರೂ ತಂದುಕೊಡುವುದಿಲ್ಲ.

"ನಾನೂ ಒಂದು ಹೇಳ್ಲಾ?" ಅವಳು ಕಣ್ಣೊರೆಸಿಕೊಂಡಳು. "ನೀವು ನನ್ನ ನೋಡಿರ್ಲಿಲ್ಲ ಅಂತ ಈಗ ಗೊತ್ತಾಯ್ತಲ್ಲ... ನಂಗೆ ಸಂಕಟ ಆಯ್ತು."

ಅವನು ಬೆರಗಾಗಿ ನೋಡಿದ. ಬೆಂಕಿಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ.

"ಸಂಜೆಗೆ ಕ್ಯಾಮೆರಾ ಸರಿ ಮಾಡಿ ಕೊಡ್ತೀನಿ," ಎಂದ ಕೊನೆಗೆ, ಏನಾದರೂ ಹೇಳಬೇಕಲ್ಲ ಎಂದು.

"ಅದಿರ್ಲಿ. ಬಾಗಿಲು ಹಾಕ್ರಿ. ಹಿರೇಗುಂಟನೂರಿಗೆ ಹೋಗಾಣ. ಅಪ್ಪನ ಹತ್ರ."

"ಹೋಗಿ? ಲೆನ್ಸ್ ಕೆಟ್ಟಿತ್ತು ಅಂತ ಹೇಳ್ತೀರಾ?"

"ಅದನ್ನೂ ಹೇಳ್ತೀನಿ. ಊರವ್ರು ಹೇಳಿದ್ದು ಈಗ ನಿಜ ಆಗೈತೆ ಅಂತಾನೂ ಹೇಳ್ತೀನಿ."

ಅವನ ಕಣ್ಣು ತುಂಬಿತು. "ಬೈತಾರೆ, ದೇವಿಕಾ..."

ಅವಳು ಅವನ ಕೈ ಹಿಡಿದುಕೊಂಡಳು.

"ಬೈಲಿ ಬಿಡು. ಈ ಸಲನಾದ್ರೂ ಮಾಡಿದ್ದಕ್ಕೇ ಬೈಸ್ಕಳಾಣ."